ಅರವತ್ತು ಮೀಟರಿನ ಗುರಿ

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ತಂಗಿಗೆ ಅದೇ ರಸ್ತೆಯ ಕೊನೆಯಲ್ಲಿ, ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ನಾವಿಬ್ಬರೂ ಒಂದೇ ದಿನ ರಜೆ ಹಾಕಿದರೆ ಈ ಊರಿನವರಿಗೆ ತಟ್ಟೆಯಲ್ಲಿರೋದು ಕಾಣೋದಿಲ್ಲ, ಕಂಡರೂ ಅಗಿಯೋಕಾಗಲ್ಲ ಎಂದು ಅಕ್ಕ ಬಂದವರನ್ನೆಲ್ಲ ನಗಿಸುತ್ತಿದ್ದಳು. ಅಕ್ಕ ಗಂಡನ ಮನೆ ಬಿಟ್ಟು ಬಂದು ಹನ್ನೆರಡು ವರ್ಷವಾಗಿತ್ತು. ತಂಗಿ ಮದುವೆಯ ಮಾತೆತ್ತಿದರೆ ಏನೋ ನೆನಪಾದವಳಂತೆ ಎದ್ದು ಹೋಗುವವಳು. ಹೀಗೆ ಅಮ್ಮನೂ ಇವರಿಬ್ಬರೂ ಒಂದೇ ಮನೆಯಲ್ಲಿದ್ದರು.

ಅಪ್ಪ ಸಾಯುವಾಗ ಬಿಟ್ಟುಹೋದದ್ದರಲ್ಲಿ ಒಂದು ಸಣ್ಣ ಕ್ರೀಡಾ ರೈಫಲ್ ಇತ್ತು. ಲೈಸೆನ್ಸು ಇಬ್ಬರ ಹೆಸರಲ್ಲೂ ಆಯಿತು. ಅಕ್ಕನಿಗೆ ಗುರಿ ಹಿಡಿಯಲು ಕಲಿಸಿದ್ದು ಅಪ್ಪ. ತಂಗಿಗೆ ಕಲಿಸಿದ್ದು ಅಕ್ಕ. ಶೂಟಿಂಗ್ ಕ್ಲಬ್ಬಿನ ಚಾಪೆಯ ಮೇಲೆ ಪಕ್ಕದಲ್ಲೇ ಬೋರಲು ಮಲಗಿ, "ಈಗ ಉಸಿರು ಬಿಡು ಮರಿ... ಅರ್ಧಕ್ಕೆ ನಿಲ್ಲಿಸು... ಈಗ" ಎಂದು ಕಿವಿಯ ಹತ್ತಿರ ಪಿಸುಗುಡುತ್ತಿದ್ದಳು. ಎಷ್ಟೋ ವರ್ಷ ತಂಗಿಗೆ ಆ ದನಿ ಕೇಳದೆ ಟ್ರಿಗರ್ ಎಳೆಯಲು ಬೆರಳೇ ಬಗ್ಗುತ್ತಿರಲಿಲ್ಲ. ಆಮೇಲೆ ಆಮೇಲೆ ತಂಗಿಯೇ ಮುಂದಾದಳು. ಅಕ್ಕ ಅದನ್ನು ಎಲ್ಲರೆದುರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಕ್ಲಬ್ಬಿನಿಂದ ದೊಡ್ಡ ಪಂದ್ಯಕ್ಕೆ ನಾಲ್ವರನ್ನು ಆರಿಸುವುದಿತ್ತು. ಆಯ್ಕೆಗೆ ಇಪ್ಪತ್ತು ಕಬ್ಬಿಣದ ಬಿಲ್ಲೆಗಳು, ಒಂದೊಂದೂ ಅಂಗೈಯಗಲ. ಹತ್ತಿರದ್ದು ಮೂವತ್ತು ಮೀಟರಿನಲ್ಲಿ, ದೂರದ್ದು ನೂರರಲ್ಲಿ, ಹೆಚ್ಚಿನವು ನಡುವೆ. ಹೊಡೆದರೆ ಟಣ್ ಎಂದು ಬೀಳಬೇಕು. ಕ್ಲಬ್ಬಿನವರು ಹೊಸ ಕಂಪನಿಯ ಗುಂಡು ತರಿಸಿದ್ದರಿಂದ ರೈಫಲಿಗೆ ಹೊಸದಾಗಿ ಗುರಿ ಕೂರಿಸಬೇಕಾಗಿತ್ತು.

ಯಾವ ದೂರಕ್ಕೆ ಕೂರಿಸುವುದು ಎಂಬ ಮಾತು ಅಡುಗೆಮನೆಯ ಮೇಜಿನ ಮೇಲೆ ಎರಡು ಸಂಜೆ ನಡೆಯಿತು. ರೈಫಲಿನ ಮೇಲಿನ ಸ್ಕೋಪಿನಲ್ಲಿ ಕಣ್ಣು ನೋಡುವ ಗೆರೆ ನೇರ. ಗುಂಡು ಮಾತ್ರ ಎಸೆದ ಕಲ್ಲಿನ ಹಾಗೆ ಮೇಲೆದ್ದು ಇಳಿಯುತ್ತದೆ. ಎರಡೂ ಎಲ್ಲಿ ಕೂಡಬೇಕೆಂದು ನಾವೇ ಆರಿಸಿ ಸ್ಕೋಪಿನ ತಿರುಪು ತಿರುಗಿಸಬೇಕು. ಅಕ್ಕ ನೂರು ಮೀಟರ್ ಎಂದಳು. ದೂರದ ಬಿಲ್ಲೆಗಳೇ ಕಷ್ಟ, ಅವಕ್ಕೆ ನೇರ ಗುರಿ ಇರಲಿ ಎಂಬುದು ಅವಳ ಲೆಕ್ಕ. ತಂಗಿ ಒಪ್ಪಲಿಲ್ಲ. ನೂರಕ್ಕೆ ಕೂರಿಸಿದರೆ ನಡುವಿನ ಬಿಲ್ಲೆಗಳ ತಲೆ ಮೇಲೆ ಗುಂಡು ಹಾರಿಹೋಗುತ್ತದೆ, ಒಂದೊಂದಕ್ಕೂ ಎಷ್ಟು ಕೆಳಗೆ ಹಿಡಿಯಬೇಕೆಂದು ಗುಣಿಸುತ್ತ ಕೂರಬೇಕಾಗುತ್ತದೆ. ಅರವತ್ತಕ್ಕೆ ಕೂರಿಸಿದರೆ ಮೂವತ್ತರಿಂದ ಎಪ್ಪತ್ತರವರೆಗೆ ಕಣ್ಣುಮುಚ್ಚಿ ನಡುವಿಗೇ ಹಿಡಿಯಬಹುದು, ದೂರದ ನಾಲ್ಕಕ್ಕೆ ಮಾತ್ರ ಮೇಲೆ ಹಿಡಿದರಾಯಿತು ಎಂದು ಹಾಲಿನ ಚೀಟಿಯ ಹಿಂದೆ ಬರೆದು ತೋರಿಸಿದಳು. ಕೊನೆಗೆ ಅಕ್ಕ ಕೈಯೆತ್ತಿಬಿಟ್ಟಳು. ಆಯ್ತು ಮಾರಾಯ್ತಿ, ಅರವತ್ತೇ ಇರಲಿ ಎಂದಳು.

ಆ ವಾರ ತಂಗಿಗೆ ಲ್ಯಾಬಿನಲ್ಲಿ ತಲೆ ತುರಿಸಿಕೊಳ್ಳಲೂ ಬಿಡುವಿರಲಿಲ್ಲ. ಅಚ್ಚು ಹಾಕುವವನು ರಜೆಯಲ್ಲಿದ್ದ. ಪ್ಲಾಸ್ಟರಿನ ದವಡೆಗಳು ಕಪಾಟು ತುಂಬಿ ಕಿಟಕಿಯ ಕಟ್ಟೆಗೂ ಬಂದಿದ್ದವು. ನಾನೊಬ್ಬಳೇ ಹೋಗಿ ಕೂರಿಸಿಕೊಂಡು ಬರ್ತೀನಿ ಬಿಡು ಎಂದು ಅಕ್ಕನೇ ಹೇಳಿದಳು. ಗುರುವಾರ ಹೋದಳು. ಬಂದವಳು ಕೈ ತೊಳೆಯುತ್ತ, "ಅರವತ್ತಕ್ಕೆ ಕೂರ್ತು. ಐದು ಗುಂಡೂ ಒಂದೇ ತೂತಲ್ಲಿ" ಎಂದಳು. ತಂಗಿ ಇನ್ನೊಂದು ಮಾತು ಕೇಳಲಿಲ್ಲ. ಅಕ್ಕನನ್ನು ಕೇಳುವುದೇನು?

ಭಾನುವಾರ ಬೆಳಿಗ್ಗೆ ತಂಗಿಯ ಸರದಿ ಮೊದಲು. ಅದೇ ರೈಫಲಿನಲ್ಲಿ ಅಕ್ಕನದು ಮಧ್ಯಾಹ್ನ. ಮೊದಲ ಬಿಲ್ಲೆ ನಲವತ್ತು ಮೀಟರಿನದು, ಕೈಗೆ ಎಟುಕುವಂಥದ್ದು. ನಡುವಿಗೆ ಹಿಡಿದು ಹೊಡೆದಳು. ಸದ್ದಿಲ್ಲ. ಎರಡನೆಯದೂ ಇಲ್ಲ. ಬಿಲ್ಲೆಗಳ ಹಿಂದೆ ಎದೆಯೆತ್ತರದ ಹುಲ್ಲು. ಗುಂಡು ಎಲ್ಲಿ ಹೋಯಿತೆಂದು ಹೊಡೆಯುವವರಿಗೆ ತಿಳಿಯುತ್ತಿರಲಿಲ್ಲ. ಆರನೆಯದೂ ತಪ್ಪಿತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಜೊತೆಯವರೊಂದಿಗೆ ಮಾತಾಡಬಹುದಿತ್ತು. ಅಕ್ಕ ದುರ್ಬೀನು ಹಿಡಿದು ಹಿಂದೆಯೇ ನಿಂತಿದ್ದಳು. ಏನಾಗ್ತಿದೆ ಅಕ್ಕ ಎಂದು ತಂಗಿ ಕೇಳಿದಳು.

"ಬಿಗಿ ಹಿಡೀತಿದೀಯ ಮರಿ," ಅಕ್ಕ ಅವಳ ಭುಜ ಒತ್ತಿದಳು. "ಟ್ರಿಗರ್ ಕಿತ್ತು ಎಳೀತಿದೀಯ. ಸ್ವಲ್ಪ ಉಸಿರು ನೋಡ್ಕೋ."

ತಂಗಿ ಉಸಿರು ನೋಡಿಕೊಂಡಳು. ಹಿಡಿತ ಸಡಿಲಿಸಿದಳು. ಅರ್ಧದ ಮೇಲೆ ತನ್ನ ಕೈ ತನ್ನದೇ ಅಲ್ಲವೇನೋ ಅನಿಸತೊಡಗಿತು. ಇಪ್ಪತ್ತರಲ್ಲಿ ಬಿದ್ದದ್ದು ಮೂರು. ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಲೆಕ್ಕದ ಮೇಷ್ಟ್ರು, ಅಂಕಪಟ್ಟಿಯನ್ನು ಎರಡು ಸಲ ನೋಡಿ, ಏನಮ್ಮಾ ಮೈ ಹುಷಾರಿಲ್ವಾ ಎಂದು ಮೆತ್ತಗೆ ಕೇಳಿದರು. ಮಧ್ಯಾಹ್ನ ಅಕ್ಕ ಹನ್ನೊಂದು ಬೀಳಿಸಿ ನಾಲ್ಕನೆಯವಳಾಗಿ ತಂಡ ಸೇರಿದಳು. ತಂಗಿ ಅಳು ನುಂಗಿಕೊಂಡು ಅವಳನ್ನು ಅಪ್ಪಿಕೊಂಡಳು. ಅಕ್ಕನ ಮೈ ಮರದ ಹಾಗೆ ಸೆಟೆದುಕೊಂಡಿತ್ತು. ದಣಿವಿರಬೇಕು ಅಂದುಕೊಂಡಳು.

ಮಂಗಳವಾರ ತಂಗಿ ಅರ್ಧ ದಿನ ರಜೆ ಹಾಕಿ ಒಬ್ಬಳೇ ಕ್ಲಬ್ಬಿಗೆ ಹೋದಳು. ಹುಡುಕಲು ಹೋದದ್ದು ತನ್ನ ತಪ್ಪನ್ನೇ. ಕಾವಲಿನವನಿಂದ ರೈಫಲುಗಳ ಬೀರು ತೆಗೆಸಿ, ರೈಫಲನ್ನು ಮರಳುಚೀಲದ ಮೇಲಿಟ್ಟು, ಅರವತ್ತು ಮೀಟರಿನಲ್ಲಿ ಕಾಗದ ಅಂಟಿಸಿ ಐದು ಗುಂಡು ಹೊಡೆದಳು. ಐದೂ ಒಂದು ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಕೂತಿದ್ದವು. ಆದರೆ ನಡುವಿನಿಂದ ಹತ್ತು ಸೆಂಟಿಮೀಟರ್ ಮೇಲೆ. ಹೊಸ ಕಾಗದವೊಂದನ್ನು ಎಂಬತ್ತಕ್ಕೆ ಒಯ್ದಳು. ಆಗಲೂ ಮೇಲೆಯೇ, ಸ್ವಲ್ಪ ಕಡಿಮೆ. ಇನ್ನೊಂದನ್ನು ನೂರಕ್ಕೆ ಒಯ್ದಳು. ಐದೂ ನಟ್ಟನಡುವೆ.

ಅವಳು ಮೂರು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತಿರುಪು ಸಡಿಲವಾಗಿದ್ದರೆ ಗುಂಡುಗಳು ಚೆಲ್ಲಾಪಿಲ್ಲಿಯಾಗಬೇಕಿತ್ತು. ರೈಫಲ್ ಎಲ್ಲಾದರೂ ಬಡಿದಿದ್ದರೆ ಗುರಿ ಅತ್ತಲೋ ಇತ್ತಲೋ ಜಾರಬೇಕಿತ್ತು, ಕೂದಲೆಳೆ ತಪ್ಪದೆ ನೂರು ಮೀಟರಿಗೆ ಹೋಗಿ ಕೂರುತ್ತಿರಲಿಲ್ಲ. ಯಾರೋ ತಾಳ್ಮೆಯಿಂದ ಕೂತು ಮಾಡಿದ ಕೆಲಸ ಇದು. ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಮೊದಲು ನೆನಪಾದದ್ದು ಭುಜ ಒತ್ತಿದ್ದು. ದುರ್ಬೀನಿನಲ್ಲಿ ನೋಡುತ್ತಿದ್ದವಳಿಗೆ ಹುಲ್ಲಿನ ತುದಿ ಅಲುಗಿದ್ದು ಕಂಡಿರಲೇಬೇಕು. ಮೇಲೆ ಹೋಗ್ತಿದೆ ಎಂಬ ಎರಡೇ ಮಾತು ಸಾಕಿತ್ತು. ಗುರಿ ನೂರಕ್ಕಿದೆಯೆಂದು ಗೊತ್ತಿದ್ದವಳು ಮಧ್ಯಾಹ್ನ ತಾನು ಮಾತ್ರ ಕೆಳಗೆ ಹಿಡಿದು ಹೊಡೆದಿದ್ದಳು.

ಸಂಜೆ ಅಂಗಡಿಯ ಕೊನೆಯ ಗಿರಾಕಿ ಹೋಗುವವರೆಗೆ ಹೊರಗೆ ಕಾದಳು. ಅಕ್ಕ ಒಳಗಿನ ಪರೀಕ್ಷೆಯ ಕೋಣೆಯಲ್ಲಿ ಗಾಜುಗಳನ್ನು ಒರೆಸಿ ಡಬ್ಬಿಗೆ ಜೋಡಿಸುತ್ತಿದ್ದಳು. ತಂಗಿ ಮೂರು ಕಾಗದಗಳನ್ನೂ ಅವಳ ಮುಂದಿಟ್ಟಳು. ತಿರುಪು ಸಡಿಲ ಆಗಿರಬೇಕು ಎಂದಳು ಅಕ್ಕ. ಸಡಿಲವಾದರೆ ಇಷ್ಟು ಅಚ್ಚುಕಟ್ಟಾಗಿ ಕೂರೋದಿಲ್ಲ ಎಂದಳು ತಂಗಿ. ಅಕ್ಕ ಮತ್ತೆ ಎರಡು ಗಾಜು ಒರೆಸಿದಳು. ಆಮೇಲೆ ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕೂತು, ಎದುರಿನ ಅಕ್ಷರದ ಹಲಗೆಯ ಕಡೆ ಕೈ ತೋರಿಸಿದಳು.

"ಬಲಗಣ್ಣಲ್ಲಿ ನೋಡಿದ್ರೆ ನಂಗೆ ಅದರಲ್ಲಿ ಮೇಲಿನ ಮೂರು ಸಾಲು ಅಷ್ಟೇ ಕಾಣೋದು. ನಡುವೆ ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ. ಕಣ್ಣಿನ ಒಳಗಿನ ಪರದೆ, ರೆಟಿನಾ, ಹಾಳಾಗ್ತಾ ಇದೆ. ಸದ್ಯ ಎಡಗಣ್ಣಲ್ಲೇ ನಡೆಸ್ತಿದೀನಿ, ಅದೂ ಹೋಗತ್ತೆ. ಹೋದ ವರ್ಷವೇ ಗೊತ್ತಾಯ್ತು."

"ನಂಗೆ ಹೇಳಲಿಲ್ಲ."

"ಇದೊಂದು ವರ್ಷ ಬೇಕಿತ್ತು ಮರಿ. ಆರಿಸೋದು ನಾಲ್ಕೇ ಜನ. ನೀನು ಸರಿಯಾಗಿ ಹೊಡೆದ್ರೆ ನಾನಿರಲ್ಲ ಅಂತ ಗೊತ್ತಿತ್ತು."

"ನೀನು ಕೇಳಿದ್ದಿದ್ರೆ ನಾನು ಆಯ್ಕೆಗೆ ನಿಲ್ತಾನೇ ಇರ್ಲಿಲ್ಲ."

ಅಕ್ಕ ತಲೆ ತಗ್ಗಿಸಿದಳು. "ಗೊತ್ತು. ನಿನ್ನ ಹತ್ರ ಬೇಡೋಕೆ ಆಗ್ಲಿಲ್ಲ."

ತಂಗಿ ಕಣ್ಣಿನ ಸುದ್ದಿಗೆ ಮರುಗಬೇಕಿತ್ತು, ಮರುಗಲು ಆಗಲಿಲ್ಲ. ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮರುದಿನ ಕಾರ್ಯದರ್ಶಿಯವರಲ್ಲಿಗೆ ಹೋಗಿ ಎಲ್ಲ ಹೇಳಿದಳು. ಅವರು ಕಾಗದಗಳನ್ನು ನೋಡಿ ಪೆಚ್ಚಾದರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. ಹೊಡೆಯುವ ಮೊದಲು ತಮ್ಮ ರೈಫಲನ್ನು ತಾವೇ ಪರೀಕ್ಷಿಸಿಕೊಳ್ಳಬೇಕು ಎಂದೇ ನಿಯಮ ಇದೆಯಲ್ಲಮ್ಮಾ ಎಂದರು. ಅದೇ ರೈಫಲಿನಲ್ಲಿ ನಿಮ್ಮಕ್ಕನೂ ಹೊಡೆದದ್ದು, ಅದಕ್ಕೆ ಏನಂತ ಬರೀಲಿ ಎಂದು ಕೇಳಿದರು. ಅದರಲ್ಲಿ ತಪ್ಪು ಹುಡುಕಲು ತಂಗಿಗೂ ಆಗಲಿಲ್ಲ.

ಅಕ್ಕ ಪಂದ್ಯಕ್ಕೆ ಹೋದಳು. ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದು, ಅಕ್ಕ ಗೆದ್ದಳು ಅಂತ ನೀನ್ಯಾಕೆ ಮುಖ ಊದಿಸ್ಕೊಂಡಿದೀಯ, ನಿನಗೂ ಒಂದು ವರ್ಷ ಬರತ್ತೆ ಎಂದು ತಂಗಿಯನ್ನೇ ಬೈದಳು. ನಿಜ ಹೇಳಿದರೆ ಅಮ್ಮ ಒಬ್ಬ ಮಗಳನ್ನು ಕಳೆದುಕೊಳ್ಳುತ್ತಿದ್ದಳು. ಹೇಳದೆ ಸುಳ್ಳನ್ನು ದಿನವೂ ಅನ್ನದ ಜೊತೆ ನುಂಗುವ ಪಾಡು ತಂಗಿಯದಾಯಿತು. ಅಕ್ಕ ಅಲ್ಲಿ ಎಂಟು ಬಿಲ್ಲೆ ಬೀಳಿಸಿ, ತಂಡದಲ್ಲಿ ಕೊನೆಯವಳಾಗಿ ಹಿಂತಿರುಗಿದಳು. ಮತ್ತೆ ರೈಫಲ್ ಮುಟ್ಟಲಿಲ್ಲ.

ಮುಂದಿನ ವರ್ಷ ತಂಗಿ ಹದಿನೇಳು ಬೀಳಿಸಿ ತಂಡ ಸೇರಿದಳು. ಗುರಿ ತಾನೇ ಕೂರಿಸಿದಳು, ಅರವತ್ತಕ್ಕೇ. ಹಿಂದಿನ ದಿನ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ನೋಡಿದಳು. ಲ್ಯಾಬಿನಲ್ಲೂ ಈಗೀಗ ಬೇರೆಯವರು ತೆಗೆದ ಅಳತೆಯನ್ನು ಮತ್ತೆ ತಾನೇ ತೆಗೆಯುತ್ತಿದ್ದಳು. ಜೊತೆಯವರು, ನಮ್ಮ ಮೇಲೆ ನಂಬಿಕೆ ಇಲ್ವಾ ಎಂದು ರೇಗಿಸಿದರೆ ನಗುತ್ತಿದ್ದಳು, ಆದರೂ ಅಳೆಯುವುದನ್ನು ಬಿಡುತ್ತಿರಲಿಲ್ಲ.

ಅಕ್ಕನ ಎಡಗಣ್ಣೂ ಮಂಜಾಯಿತು. ಅಂಗಡಿಯಲ್ಲಿ ಅವಳನ್ನು ಗಲ್ಲಾದ ಮುಂದೆ ಕೂರಿಸಿದರು. ಆಮೇಲೆ ಅದೂ ಆಗಲಿಲ್ಲ. ತಿಂಗಳಿಗೊಮ್ಮೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ತಂಗಿಯ ಹೊರತು ಯಾರಿದ್ದರು? ಹೋಗುತ್ತಿದ್ದಳು. ಔಷಧಿ, ಬಸ್ಸು, ಅಮ್ಮನ ಮೊಣಕಾಲು, ಇಷ್ಟರ ಮಾತು ಮಾತ್ರ ಇಬ್ಬರ ನಡುವೆ ಉಳಿದಿತ್ತು.

ಒಂದು ದಿನ ಬಸ್ಸು ಬಂದು ನಿಂತಾಗ ಅಕ್ಕ ಅವಳ ಮೊಣಕೈ ಹಿಡಿದುಕೊಂಡು, "ನಿಂಗೆ ಇನ್ನೂ ಮರೆಯೋಕಾಗಿಲ್ಲ, ಅಲ್ವಾ?" ಎಂದಳು.

ಹಿಂದೆ ಜನ ತಳ್ಳುತ್ತಿದ್ದರು. "ಮೆಟ್ಟಿಲು ಎತ್ತರ ಇದೆ," ಎಂದಳು ತಂಗಿ. "ಮಂಡಿಯಷ್ಟು. ಕಾಲು ಚೆನ್ನಾಗಿ ಎತ್ತು."

ಅಕ್ಕ ಕಾಲೆತ್ತಿ ಗಾಳಿಯಲ್ಲಿ ಹಿಡಿದು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ತಂಗಿ ಹೇಳಿದಷ್ಟೇ ಎತ್ತರಕ್ಕೆ ಎತ್ತಿ ಇಟ್ಟಳು. ಮೆಟ್ಟಿಲು ಅಲ್ಲೇ ಇತ್ತು. ತಂಗಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಎರಡು ಟಿಕೆಟ್ ತೆಗೆದುಕೊಂಡು, ಎದುರಿನ ಸೀಟಿನಲ್ಲಿ ಹೋಗಿ ಕೂತಳು.