ಎತ್ತಿಕೊಡದ ಸಾಲು

“ಇದಕ್ಕೆ ನನ್ನ ಮೇಲೆ ಯಾವ ಜನ್ಮದ ಹಗೆ?”

ಕಂಪ್ಯೂಟರ್ ಪರದೆ ನೋಡುತ್ತ ಶ್ರೀವಾಣಿ ಕೇಳಿದ ಪ್ರಶ್ನೆ ಯಾರಿಗೂ ಅಲ್ಲ. ಮುಳಬಾಗಿಲಿನಲ್ಲಿ ಸತ್ತಾರರು ನಡೆಸುತ್ತಿದ್ದ ಬ್ರೌಸಿಂಗ್ ಸೆಂಟರಿಗೆ ಅವಳು ಸಂಜೆ ಬರುತ್ತಿದ್ದುದು ಬಿ.ಎಸ್ಸಿ. ಗಣಿತಕ್ಕಾಗಿ. ಆ ವರ್ಷ ಕಾಲೇಜು ಇಂಟರ್ನೆಟ್ ಪಾಠ ತಂದಿತ್ತು. ಸರಿ ಉತ್ತರ ಕೊಟ್ಟವರಿಗೆ ಅದು ಮುಂದಿನ ಕಷ್ಟದ ಲೆಕ್ಕ ಕೊಡುತ್ತಿತ್ತು. ತಪ್ಪಿದವರನ್ನು ಕೆಳಗಿನ ಪಾಠಕ್ಕೆ ಕರೆದೊಯ್ಯುತ್ತಿತ್ತು. ಸೋಮವಾರ ಕಾಲೇಜಿನ ಲ್ಯಾಬಿನಲ್ಲಿ ಒಬ್ಬೊಬ್ಬರೇ ಕೂತು ಪರೀಕ್ಷೆ ಬರೆಯಬೇಕು. ಪಾಸಾಗದಿದ್ದರೆ ವರ್ಷ ಹೋದಂತೆಯೇ.

ಮೌಸ್ ಮಾತ್ರ ಮೊದಲ ದಿನದಿಂದಲೂ ಅಣ್ಣ ಮುಕುಂದನ ಕೈಯಲ್ಲಿತ್ತು. ಅವನ ಸರಿ ಉತ್ತರಗಳಿಂದ ಪಾಠ ಅವಳಿಗೆ ತಲೆಬುಡ ತಿಳಿಯದ ಲೆಕ್ಕಗಳಿಗೆ ಏರಿಬಿಟ್ಟಿತ್ತು.

“ಕೊಡೋ, ನಾನೊಂದ್ಸಲ ಒತ್ತೀನಿ.”

“ಬೇಡ ಕಣೇ, ತಪ್ಪಾದ್ರೆ ಇಳಿಸ್ಬಿಡುತ್ತೆ. ಎಷ್ಟು ಮೇಲಕ್ಕೆ ತಂದಿದ್ದೀನಿ ನಿನ್ನ!”

“ನನ್ನಲ್ಲ, ನನ್ನ ಹೆಸರನ್ನ.”

ಸತ್ತಾರ್ ನಕ್ಕರು. “ಅರೆ, ಡ್ರೈವಿಂಗ್ ಕಲಿಯೋದು ತಂಗಿ, ಸ್ಟೇರಿಂಗ್ ಅಣ್ಣಂದು!”

ಅಷ್ಟರಲ್ಲಿ ಮಕ್ಕಳನ್ನು ಕರೆದೊಯ್ಯಲು ತಂದೆ ಸುಬ್ರಹ್ಮಣ್ಯ ಬಂದರು, ಕೈಯಲ್ಲಿ ಪ್ರಸಾದದ ದೊನ್ನೆ. ಪೂಜೆ ಮುಗಿದ ಮೇಲೆ ಅವರು ಗುಡಿಯ ಜಗಲಿಯಲ್ಲಿ ಮಕ್ಕಳಿಗೆ ಪದ್ಯ ವಾಚನ ಹೇಳಿಕೊಡುವವರು. ಅಲ್ಲೊಂದು ಕಟ್ಟುಪಾಡು: ಯಾರಾದರೂ ತಡವರಿಸಿದರೆ ಪಕ್ಕದವರು ಸಾಲು ಎತ್ತಿಕೊಡಬಾರದು, ತಡವರಿಸಿದವರೇ ಹಿಂದಿನ ಸಾಲಿಗೆ ಹೋಗಿ ಮತ್ತೆ ಬರಬೇಕು.

ಸ್ವಲ್ಪ ಹೊತ್ತು ನೋಡಿ ಕೇಳಿದರು: “ಅದು ಪಾಠ ಹೇಳ್ತಿರೋದು ಯಾರಿಗಪ್ಪಾ?”

“ವಾಣಿಗೆ.”

“ಉತ್ತರ ಹೇಳ್ತಿರೋದು?”

ಮುಕುಂದ್ ತಲೆ ತಗ್ಗಿಸಿದ. “ಎಡವ್ತಾಳೆ ಅಪ್ಪ. ನೋಡಕ್ಕಾಗಲ್ಲ.”

“ನೀನು ಜಗಲೀಲಿ ಎಡವಿ ಅಳ್ತಿದ್ದಾಗ ನಂಗೇನು ನೋಡಕ್ಕಾಗ್ತಿತ್ತಾ?”

ಮುಕುಂದ್ ಮೌಸನ್ನು ಮೆಲ್ಲಗೆ ತಂಗಿಯ ಕಡೆ ಸರಿಸಿದ.

ಬಾಣದ ಗುರುತು ಅವಳ ಕೈಗೆ ಸಿಗದೆ ಮೂಲೆಗೆ ಓಡಿತು. ಅವಳು ಒತ್ತಿದ್ದು ತಪ್ಪಾಯಿತು. ಮತ್ತೆ ತಪ್ಪು. ಪಾಠ ಇಳಿಯುತ್ತ ಇಳಿಯುತ್ತ ಪಿಯುಸಿಗೆ ಬಂದು ನಿಂತಿತು.

“ಮಾನ ಹೋಯ್ತು!” ಎಂದಳು.

“ಹೋದ್ರೆ ಹೋಗ್ಲಿ, ಲೆಕ್ಕ ಬರ್ಲಿ,” ಎಂದರು ತಂದೆ.

ಅಲ್ಲಿ, ತಾನು ಎಂದೋ ಕಲಿಯದೆ ದಾಟಿಬಿಟ್ಟಿದ್ದ, ಲೆಕ್ಕದ ಒಂದು ಸಣ್ಣ ಹೆಜ್ಜೆ ಶ್ರೀವಾಣಿಗೆ ಕಂಡಿತು. ಒತ್ತಿದಳು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ಮುಂದಿನದೂ ಸರಿಯಾಯಿತು. ಮತ್ತೊಂದರಲ್ಲಿ ನಿಂತೇಬಿಟ್ಟಳು.

“ಅಣ್ಣಾ, ಇದೊಂದೇ ಒಂದು ಒತ್ಕೊಡೋ. ದೇವ್ರಾಣೆ, ಇನ್ ಕೇಳಲ್ಲ.”

ಮುಕುಂದನಿಗೆ ಉತ್ತರ ಗೊತ್ತಿತ್ತು; ತುಟಿಯವರೆಗೂ ಬಂದಿತ್ತು. ದೊನ್ನೆಯಿಂದ ಒಂದು ತುತ್ತು ಪ್ರಸಾದ ಬಾಯಿಗೆ ತುಂಬಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತ.

“ಒತ್ತಲ್ಲ ಕಣೇ.”