ನೀರಿಲ್ಲದ ಕಾಯಿ

ಸುನಂದಳಿಗೆ ನೀರೆಂದರೆ ಜೀವ ಹೋಗುವಷ್ಟು ಭಯ. ಯಾರೂ ತಳ್ಳಿದ್ದಿಲ್ಲ, ಎಲ್ಲೂ ಬಿದ್ದದ್ದಿಲ್ಲ, ಹುಟ್ಟಿನಿಂದಲೇ ಬಂದದ್ದು. ತಲೆಗೆ ಎರೆದುಕೊಳ್ಳುವಾಗಲೂ ಬಚ್ಚಲ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಚೊಂಬಿನ ನೀರಲ್ಲಿ ಮುಳುಗಿದರೆ ಎತ್ತಲು ಯಾರಾದರೂ ಬೇಕಲ್ಲ! ನೊಣವಿನಕೆರೆಯ ಮಕ್ಕಳಿಗೆಲ್ಲ ಈಜು ಕಲಿಸಿದ ಕಲ್ಲೇಶನಿಗೆ ಇಂಥ ಹೆಂಡತಿ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮಳೆ ಚೆನ್ನಾಗಿ ಹಿಡಿದು ಅವರ ತೋಟದ ಮೆಟ್ಟಿಲು ಬಾವಿ ತುಂಬಿತು. ಭಾನುವಾರ, ಅಲ್ಲಿ ಮಕ್ಕಳಿಗೆ ಒಣ ತೆಂಗಿನಕಾಯಿ ಕಟ್ಟಿ ಈಜು ಕಲಿಸುತ್ತಿದ್ದ ಕಲ್ಲೇಶನಿಗೆ ಬುತ್ತಿ ತಂದ ಸುನಂದಳ ಕಿವಿಗೆ ಮಗಳು ಸ್ಪಂದನಳ ಮಾತು ಬಿತ್ತು. ದಡದಲ್ಲಿ ಮೊಣಕಾಲು ಅಪ್ಪಿ ಕೂತು ಗೆಳತಿಯರಿಗೆ ಹೇಳುತ್ತಿದ್ದಳು: "ನಾ ಇಳಿಯಲ್ಲ ಕಣ್ರೇ. ನಮ್ಮಮ್ಮನ ಥರಾನೇ ನಂಗೂ ಭಯ." ಹೇಳುವಾಗ ಅವಳ ಕಣ್ಣು ಮಾತ್ರ ನೀರಿನಲ್ಲೇ ಇತ್ತು.

ಸುನಂದಳಿಗೆ ತನ್ನ ಮೇಲೇ ಸಿಟ್ಟು ಬಂತು. ಸೀರೆ, ಓಲೆ ಕೊಡುವುದು ಸರಿ. ಮಗಳಿಗೆ ಇದನ್ನೂ ಕೊಟ್ಟುಬಿಟ್ಟೆನೇ?

ಬುತ್ತಿ ಅಲ್ಲೇ ಇಟ್ಟು ಮನೆಗೆ ಓಡಿ ಅಟ್ಟ ಹತ್ತಿದಳು. ಕೊಬ್ಬರಿಗೆಂದು ಹಾಕಿದ ಕಾಯಿಗಳು ಅಲ್ಲಿ ವರ್ಷದಿಂದ ಒಣಗುತ್ತಿದ್ದವು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಒಣಗಿ ಬಿಟ್ಟುಕೊಂಡ ಕೊಬ್ಬರಿ ಗಿಟುಕು ಲೊಡಲೊಡ ಎಂದರೆ ಸರಿ. ಹನಿ ನೀರು ಕುಲುಕಿದರೂ ಆಚೆಗೆ. ನೀರಿಗಿಳಿಯುವಾಗ ನೀರಿರುವ ಕಾಯಿಯನ್ನು ನಂಬುವುದುಂಟೇ?

ಸೀರೆ ಎತ್ತಿ ಕಚ್ಚೆ ಕಟ್ಟಿ, ಸೊಂಟದ ಸುತ್ತ ಕಾಯಿಗಳ ಹಾರವನ್ನೇ ಬಿಗಿದುಕೊಂಡು ಬಂದವಳನ್ನು ಕಂಡು ಕಲ್ಲೇಶ ಬಾಯಿ ಬಿಟ್ಟ.

"ಎರಡು ಸಾಕು ಕಣೇ! ಅವೂ ಕಂಕುಳ ಕೆಳಗಿರ್ಬೇಕು."

"ನೀವು ಸುಮ್ನಿರ್ರೀ. ಈಗ ನಿಂತ್ರೆ ಇನ್ಯಾವತ್ತೂ ಇಳಿಯಾಕಿಲ್ಲ ನಾನು."

ಇಳಿದೇಬಿಟ್ಟಳು. ಮೊಣಕಾಲು, ಸೊಂಟ, ಎದೆ. ಕೈ ಮೆಟ್ಟಿಲು ಬಿಟ್ಟಿತು. ಅಷ್ಟೇ! ಬೆನ್ನಿಗೆ ಸರಿದ ಕಾಯಿಗಳೆಲ್ಲ ಒಟ್ಟಾಗಿ ಮೇಲೆದ್ದು, ಅವಳ ಹಿಂಭಾಗವನ್ನು ಆಕಾಶಕ್ಕೆತ್ತಿ, ಮುಖವನ್ನು ನೀರಿಗದ್ದಿದವು. ಮೂಗು, ಬಾಯಿ, ಕಿವಿ ತುಂಬ ನೀರು. ಕಣ್ಣ ಮುಂದೆ ಹಸಿರು ಬೆಳಕು, ತನ್ನದೇ ಬಳೆಗಳು. ಜೀವಮಾನವಿಡೀ ಹೆದರಿದ್ದು ಇದಕ್ಕೇ. ಈಗ ಅದೇ ಆಗುತ್ತಿತ್ತು.

ಕಲ್ಲೇಶ ಧುಮುಕಿ, ಜಡೆ ಹಿಡಿದೆತ್ತಿ ಮೆಟ್ಟಿಲಿಗೆ ತಂದ. "ಅಮ್ಮಾ, ಮೇಲಕ್ಕೆ ಬಾ!" ಎಂದು ಸ್ಪಂದನ ಚೀರುತ್ತಿದ್ದಳು. ಮೇಲೆ ಹೋಗಲು ಸುನಂದಳ ಕಾಲುಗಳೂ ತವಕಿಸಿದವು. ಹೋದರೆ ಮಗಳು ಎಂದೆಂದಿಗೂ ಇಳಿಯಳು, ಅದೂ ಗೊತ್ತಿತ್ತು. ಕೆಮ್ಮಿದಳು, ಉಗಿದಳು, ಆಮೇಲೆ ಎಲ್ಲಿಂದಲೋ ನಗು ಉಕ್ಕಿತು.

"ಇಷ್ಟೇಯಾ? ಇಷ್ಟಕ್ಕಾ ನಾನು ಇಷ್ಟು ವರ್ಷ ಸತ್ತಿದ್ದು?" ಎಂದು ಬಾವಿ ಮೊಳಗುವಂತೆ ಕೂಗಿದಳು. "ರೀ, ಕಾಯಿ ಸರಿಯಾಗಿ ಕಟ್ರೀ!"

ಕಲ್ಲೇಶ ಉಳಿದವನ್ನೆಲ್ಲ ಬಿಚ್ಚಿ ಎರಡನ್ನೇ ಕಂಕುಳಡಿಗೆ ಕಟ್ಟಿದ. ಅವಳು ತೇಲಿದಳು! ಕಾಲು ಬಡಿದ ರಭಸಕ್ಕೆ ನೀರು ದಡದವರ ಮೇಲೆಲ್ಲ ಹಾರಿತು. ಎದೆ ಇನ್ನೂ ಢವಢವ ಅನ್ನುತ್ತಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಆದರೂ ಖುಷಿಯೋ ಖುಷಿ.

ಸ್ಪಂದನ ಎದ್ದು ನಿಂತಳು. ತೆಂಗಿನ ಮರದಡಿ ಉದುರಿದ್ದ ಎರಡು ಕಾಯಿಗಳನ್ನು ಎತ್ತಿಕೊಂಡು, ಥೇಟ್ ತಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿದಳು. ಮುಖ ಸಣ್ಣಗಾಯಿತು.

"ಅಮ್ಮಾ, ಇದ್ರಲ್ಲಿ ನೀರೈತೆ."

"ಇದ್ರೆ ಇರ್ಲಿ ಬುಡೇ." ಸುನಂದಾ ಬಾವಿಯ ನಡುವಿನಿಂದ ಕೈ ಚಾಚಿದಳು. "ಇಲ್ಲೂ ನೀರೇ ಐತೆ. ಬಾ!"