ದೊಡ್ಡಮ್ಮನ ಶಾಂತಿ

ಶಾಂತಿ ಕಲಿಯಬೇಕಂತೆ, ಶಾಂತಿ! ಅದೂ ಕ್ಯಾಪಿಬಾರಾ ನೋಡಿ. ಮೃಗಾಲಯದ ಕೊಳದ ಸುತ್ತ ಚಾಪೆ ಹಾಸಿಕೊಂಡು, ಬೆಳೆದ ಮೂವತ್ತು ಜನ ಅರೆಗಣ್ಣು ಮುಚ್ಚಿ ಕೂತಿದ್ದನ್ನು ಕಂಡರೆ ಹುಲ್ಲಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೆರಡು ವರ್ಷದಿಂದ ಆ ಪ್ರಾಣಿಗಳಿಗೆ ಹುಲ್ಲು ಹಾಕಿ, ಕೊಳ ತಿಕ್ಕಿ, ಬಾಣಂತನವನ್ನೂ ಮಾಡಿದವಳು ಅವಳು. ಹೆಸರು ಬಂದದ್ದೂ ಹಾಗೆಯೇ.

ಕ್ಯಾಪಿಬಾರಾ ಎಂದರೆ ಇಲಿಯ ಜಾತಿ, ಆದರೆ ಹಂದಿಯಷ್ಟು ದಪ್ಪ. ಹಿಂಡಿನಲ್ಲಿ ಒಂದು ಪ್ರಾಣಿ ಕಿವಿ ನಿಮಿರಿಸಿ ಕಾಯುತ್ತಿದ್ದರೆ ಉಳಿದವು ಆರಾಮಾಗಿ ಮೇಯುತ್ತವೆ. ಕಾಯುವುದು ಬೊಗಳಿತೋ, ಎಲ್ಲವೂ ದಬದಬ ನೀರಿಗೆ! ತರಗತಿ ನಡೆಸುವ ಶಾಂತಿ ಮೇಷ್ಟ್ರು ಇದನ್ನೆಲ್ಲ ಹೇಳುತ್ತಿರಲಿಲ್ಲ. ಅವರಿಗೆ ಗೊತ್ತಿದ್ದರೆ ತಾನೇ! ಅವರು ಬೆರಳು ಮಾಡುತ್ತಿದ್ದದ್ದು ಮೂಲೆಯಲ್ಲಿ ಕದಲದೆ ಕೂತ ಮುದಿ ಹೆಣ್ಣಿನ ಕಡೆಗೆ. ಹುಲ್ಲಕ್ಕ ಅದನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು.

"ನೋಡಿ, ಮುಂದೆ ಹುಲ್ಲಿದ್ರೂ ಆಸೆ ಇಲ್ಲ. ಮರಿಗಳು ಮೈಮೇಲೆ ಹತ್ತಿದ್ರೂ ಕೋಪ ಇಲ್ಲ. ಇದೇ ನಮ್ಮ ಗುರು," ಎಂದರು ಮೇಷ್ಟ್ರು.

ಆಸೆ ಇಲ್ಲವಂತೆ! ಎಂಟು ದಿನದಿಂದ ದೊಡ್ಡಮ್ಮ ಹುಲ್ಲನ್ನು ಬಾಯಿಗೆ ಹಾಕಿಕೊಂಡು ಹಾಗೇ ಉಗುಳುತ್ತಿತ್ತು. ಗದ್ದವೆಲ್ಲ ಜೊಲ್ಲು, ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹಲ್ಲಿನದೇ ತೊಂದರೆ ಎಂದು ಹುಲ್ಲಕ್ಕನ ಅನುಮಾನ. ಅರಿವಳಿಕೆ ಕೊಟ್ಟು ಬಾಯಿ ಬಿಡಿಸಿ ನೋಡಲು ಡಾಕ್ಟರಿಗೆ ಮೃಗಾಲಯದ ಸಾಹೇಬರ ಸಹಿ ಬೇಕು. ಇನ್ನು ನಾಲ್ಕು ದಿನ ತಡವಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರೂ ಹೇಳಿದ್ದರು.

ಸಾಹೇಬರೋ, ಮೇಷ್ಟ್ರ ಮೊದಲನೇ ಶಿಷ್ಯ. ಮೂರು ಸಲ ಹೋಗಿ ಹೇಳಿದರೂ ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು.

"ಯಾಕಮ್ಮಾ ಇಷ್ಟು ಒದ್ದಾಡ್ತೀರಾ? ಅದನ್ನ ನೋಡಿ ಕಲೀರಿ. ತರಗತಿ ಮುಗೀಲಿ, ಆಮೇಲೆ ನೋಡೋಣ."

"ಮುಗಿಯೋಕೆ ಇನ್ನೂ ಹತ್ತು ದಿನ ಇದೆ ಸಾರ್!"

"ಉಸಿರು ನಿಧಾನವಾಗಿ ಒಳಗೆ ಎಳ್ಕೊಳಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಸಾಹೇಬರೂ ಚಾಪೆಯ ಮೇಲಿದ್ದರು. ಹುಲ್ಲಕ್ಕ ಬಕೆಟ್ ಹಿಡಿದು ಬಂದವಳು ಅದನ್ನು ಎಲ್ಲರ ನಡುವೆ ದಢಾರನೆ ಕುಕ್ಕಿದಳು. ಕೆಲಸ ಹೋದರೆ ಹೋಗಲಿ.

"ಕಣ್ಣು ಬಿಟ್ಟು ನೋಡಿ! ಇದು ಶಾಂತಿ ಅಲ್ಲ, ಹಲ್ಲುನೋವು. ನಿಮಗೆ ಹಲ್ಲುನೋವು ಬಂದ್ರೆ ಮನೆಯವರನ್ನೆಲ್ಲ ಎಬ್ಬಿಸಿ ಕೂರಿಸ್ತೀರಲ್ವಾ? ಇದಕ್ಕೆ ಬಾಯಿಲ್ಲ ಅಂತ ಗುರು ಮಾಡ್ಕೊಂಡ್ರಾ?"

ಮುಂದಿನ ಸಾಲಿನ ಅಜ್ಜಿಯೊಬ್ಬರು ಕನ್ನಡಕ ಏರಿಸಿಕೊಂಡರು. "ಅಯ್ಯೋ, ಜೊಲ್ಲು ಸುರೀತಿದೆಯಲ್ರೀ! ಪಾಪ, ಸೊರಗಿ ಹೋಗಿದೆ!"

ಮೂವತ್ತು ಮುಖಗಳೂ ಸಾಹೇಬರತ್ತ ತಿರುಗಿದವು. ಅಷ್ಟು ಜನರ ಮುಂದೆ ಇಲ್ಲವೆನ್ನಲಾಗದೆ ಸಾಹೇಬರು ಸಹಿ ಹಾಕಿದರು. ಡಾಕ್ಟರು ನೋಡಿದರೆ, ದವಡೆ ಹಲ್ಲು ಬೆಳೆದು ನಾಲಿಗೆಗೆ ಚುಚ್ಚಿ ದೊಡ್ಡ ಹುಣ್ಣು! ಹಲ್ಲು ತೇಯ್ದು, ಔಷಧಿ ಕೊಟ್ಟರು. ಮೂರನೆಯ ದಿನ ದೊಡ್ಡಮ್ಮ ಒಂದು ಹಿಡಿ ಹುಲ್ಲನ್ನು ಅಗಿದು ನುಂಗಿದಾಗ ಹುಲ್ಲಕ್ಕ ಅಲ್ಲೇ ಕೂತು ಗಳಗಳ ಅತ್ತುಬಿಟ್ಟಳು.

ಎರಡು ವಾರದ ಮೇಲೆ ಮೇಷ್ಟ್ರು ಹೊಸ ಶಿಷ್ಯರನ್ನು ಕರೆತಂದರು. ದೊಡ್ಡಮ್ಮ ಆಗಲೇ ಎರಡು ಗಂಡುಗಳನ್ನು ಹುಲ್ಲಿನ ಹತ್ತಿರದಿಂದ ಓಡಿಸಿ, ಮರಿಗಳನ್ನು ಗದರಿಸಿ, ದಡದಲ್ಲಿ ನಿಂತಿತ್ತು. ಮೇಷ್ಟ್ರು ಚಾಪೆ ಕೊಡವಿದ್ದೇ ತಡ, ಬೊಗಳಿತು. ಹಿಂಡಿಗೆ ಹಿಂಡೇ ನೀರಿಗೆ ಬಿದ್ದು ಮೇಷ್ಟ್ರ ಬಿಳಿ ಅಂಗಿ ಕೆಸರಾಯಿತು.

"ಇದರ ಕಳೆಯೇ ಹೋಗ್ಬಿಟ್ಟಿದೆ ಸಾರ್," ಎಂದರು ಮೇಷ್ಟ್ರು, ಮುಖ ಒರೆಸಿಕೊಳ್ಳುತ್ತ, ಪಕ್ಕದಲ್ಲಿದ್ದ ಸಾಹೇಬರಿಗೆ. "ಮುಂಚಿನ ಶಾಂತಿ ಮತ್ತೆ ಬರೋ ಹಾಗೆ ಏನಾದ್ರೂ ಮಾಡೋಕಾಗಲ್ವಾ?"

ಸಾಹೇಬರು ಗಂಭೀರವಾಗಿ ಯೋಚಿಸಿ ಹುಲ್ಲಕ್ಕನ ಕಡೆ ತಿರುಗಿದರು. "ಆಗತ್ತೇನಮ್ಮಾ?"

ಅವಳು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಗತ್ತೆ ಸಾರ್. ಅದರ ಹಲ್ಲು ಬೆಳೀತಾನೇ ಇರತ್ತೆ. ನಾವೆಲ್ಲ ಕಣ್ಣು ಮುಚ್ಕೊಂಡು ಕೂತ್ರೆ ಸಾಕು."

ಮೇಷ್ಟ್ರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು.